ಗೋಡೆಯೊಳಗಿನ ಕಲ್ಲು ಗೋಡೆಯಲ್ಲೇ ಇರಲಿ

‘ಅವು ನಮ್ಮ ಕಲ್ಲು, ಕಿತ್ತು ನಮಗೆ ಕೊಡಿ’ ಎಂದು ಕೇಳುವುದು ಹೊರನಾಡ ಕನ್ನಡಿಗರಾದ ನಮ್ಮಲ್ಲಿ ಕೆಲವರಿಗೆ ಈಗ ಹತ್ತಿರುವ ಹೊಸ ಹುರುಪು. ಒಂದು ಮನವಿ ತಯಾರಾಗಿದೆ. ಉತ್ತರ ಕೊಂಕಣದ ಮತ್ತು ಗೋವೆಯ ಹಳೇ ಚರ್ಚುಗಳಲ್ಲಿ, ಪೋರ್ಚುಗೀಸ್ ಕಟ್ಟಡಗಳಲ್ಲಿ ಸೇರಿಹೋಗಿರುವ ಶಿಲಾಹಾರ, ಕದಂಬ ಕಾಲದ ಕೆತ್ತನೆಯ ಕಲ್ಲುಗಳನ್ನೆಲ್ಲ ಬಿಡಿಸಿ ತೆಗೆದು ಕರ್ನಾಟಕ ಸರಕಾರದ ವಶಕ್ಕೆ ಒಪ್ಪಿಸಬೇಕು ಎಂಬುದು ಅದರ ಸಾರಾಂಶ. ಸಹಿ ಹಾಕಬೇಕೆಂದು ಮೂವರು ಮಹಾಪೆಯ ನನ್ನ ಮನೆವರೆಗೂ ಬಂದಿದ್ದರು. ಚಹಾ ಕುಡಿದರು, ನಾನು ಸಹಿ ಹಾಕಲಿಲ್ಲ. ‘ಏನ್ರಿ ಸಾಹೇಬ್ರ, ನಿಮಗ ಕನ್ನಡದ ಅಭಿಮಾನ ಅನ್ನೋದು ಐತೋ ಇಲ್ಲೋ?’ ಎಂದು ಒಬ್ಬರು ಕೇಳಿಯೂ ಬಿಟ್ಟರು. ಮೂವತ್ತು ವರ್ಷದ ಸ್ನೇಹಿತರು. ಆ ಮೇಲೆ ಅವರ ಫೋನು ಬಂದಿಲ್ಲ. ಅವರಿಗೆ ಅಂದು ಬಾಯಿಮಾತಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಬಿಡೋಣ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಾಹನಿಂದ ವಸಯಿ ಪೋರ್ಚುಗೀಸರ ಕೈಗೆ ಬಂತು. ಆಮೇಲೆ ಇನ್ನೂರು ವರ್ಷ ವಸಯಿ, ಸಾಷ್ಟಿ ಅವರ ಆಳ್ವಿಕೆಯಲ್ಲಿದ್ದವು. ಗುಡಿಗಳು ಬಿದ್ದವು, ಅವುಗಳ ಕಲ್ಲು ಬೇರೆ ಗೋಡೆಗಳಿಗೆ ಹೋಯಿತು. ಬೊರಿವಲಿಯ ಮಂಡಪೇಶ್ವರಕ್ಕೆ ಹೋಗಿ ನೋಡಿ. ಬಂಡೆಯಲ್ಲಿ ಕೊರೆದ ಶೈವ ಗುಹೆ, ಒಳಗೆ ನಟರಾಜ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಅದೇ ಗುಹೆಯನ್ನು ಚರ್ಚು ಮಾಡಿಕೊಂಡರು, ಮೇಲೆ ಗುಡ್ಡದ ನೆತ್ತಿಯಲ್ಲಿ ಮಠ ಕಟ್ಟಿದರು. ಮೊದಲಿದ್ದ ಶಿಲ್ಪವನ್ನು ಹೆರೆದು ಅದರ ಜಾಗದಲ್ಲಿ ದೊಡ್ಡ ಶಿಲುಬೆ ಕೆತ್ತಿದ್ದು ಇವತ್ತಿಗೂ ಅಲ್ಲಿದೆ. ಗೋವೆಯಲ್ಲಿ 1540ರ ಸುಮಾರಿಗೆ ದೇವಸ್ಥಾನಗಳನ್ನು ಕೆಡವಿದ್ದು, 1560ರಿಂದ 1812ರವರೆಗೆ ಇನ್‌ಕ್ವಿಸಿಷನ್ ನಡೆದದ್ದು ಯಾರೂ ಅಲ್ಲಗಳೆಯಲಾಗದ ಇತಿಹಾಸ. ಇದನ್ನು ಹೂಮಾಲೆ ಹಾಕಿ ಮುಚ್ಚುವ ಜಾತಿಯವನಲ್ಲ ನಾನು.

ಇನ್ನು ಕನ್ನಡದ ನಂಟು. ಅದೂ ನಿಜವೇ, ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಕ್ಕಿಂತ ಹೆಚ್ಚು ನಿಜ. ಕಾನ್ಹೇರಿಯ ಗುಹೆಯಲ್ಲಿ ಕ್ರಿ.ಶ. 843ರ ಶಾಸನವಿದೆ. ಆಗ ಕೊಂಕಣವನ್ನು ನೋಡಿಕೊಳ್ಳುತ್ತಿದ್ದವನು ಶಿಲಾಹಾರ ಪುಲ್ಲಶಕ್ತಿ. ಅವನ ದೊರೆ ಯಾರು? ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಆಳಿದ ಅಮೋಘವರ್ಷ ನೃಪತುಂಗ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಹೆಸರು ಬೊರಿವಲಿ ಕಾಡಿನ ಬಂಡೆಯ ಮೇಲಿದೆ. ಶಿಲಾಹಾರರು ತಮ್ಮನ್ನು ‘ತಗರಪುರ’ದ ಒಡೆಯರು ಎಂದು ಕರೆದುಕೊಂಡರು, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ್. ಅವರ ಬಿರುದುಗಳಲ್ಲಿ ‘ನನ್ನಿಸಮುದ್ರ’ ಎಂಬುದೊಂದಿದೆ. ‘ನನ್ನಿ’ ಎಂದರೆ ಸತ್ಯ ಎಂದು ಹಳಗನ್ನಡ ಓದಿದ ಹುಡುಗನೂ ಹೇಳಿಯಾನು. ವಪ್ಪುವಣ್ಣ ಎಂಬ ರಾಜನ ಹೆಸರಿನಲ್ಲಿ ‘ಅಣ್ಣ’ ಕೂತಿದ್ದಾನೆ.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಭಾದಾಣೆಯ ತಾಮ್ರಪಟ. ಭಾದಾಣೆ ಭಿವಂಡಿ ತಾಲೂಕಿನಲ್ಲಿದೆ. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಮುಗಿಸಿದ. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ, 997ರಲ್ಲಿ, ಇಲ್ಲಿಯ ಶಿಲಾಹಾರ ಅಪರಾಜಿತ ಒಂದು ದಾನಪತ್ರ ಬರೆಸುತ್ತಾನೆ. ಅದರಲ್ಲಿ ತನ್ನ ವಂಶದ ಜೊತೆಗೆ, ಅಷ್ಟೊತ್ತಿಗೆ ಇಲ್ಲವಾಗಿದ್ದ ಒಡೆಯರ ಇಡೀ ವಂಶಾವಳಿಯನ್ನೂ ಬರೆಸಿ, ಅವರು ಅಳಿದರೆಂದು ದಾಖಲಿಸುತ್ತಾನೆ. ಹೊಸ ಮ್ಯಾನೇಜರ್ ಬಂದ ಮರುದಿನವೇ ಹಳೆಯ ಮ್ಯಾನೇಜರನ ಫೋಟೋ ಇಳಿಸುವುದನ್ನು ನೋಡಿಕೊಂಡು ನೌಕರಿ ಮಾಡಿದವನು ನಾನು. ಈ ಅಪರಾಜಿತ ನನಗೆ ದೊಡ್ಡ ಮನುಷ್ಯನಾಗಿ ಕಾಣುತ್ತಾನೆ.

ಸರಿ, ಇಷ್ಟೆಲ್ಲ ಇದ್ದ ಮೇಲೆ ಕಲ್ಲು ನಮ್ಮದಾಗಲಿಲ್ಲವೇ?

ಇಲ್ಲ. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಜರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2014ರಿಂದ ಈ ಪದ್ಧತಿ ಇದೆ. ಅದನ್ನು ವಾಪಸು ಕೇಳಬಹುದು, ಆದರೆ ಕೇಳುವವನು ತಾನು ವಾರಸುದಾರನೆಂದು ತೋರಿಸಬೇಕು. ‘ಸತ್ತವನೂ ನಾನೂ ಒಂದೇ ಭಾಷೆ ಆಡುತ್ತಿದ್ದೆವು’ ಎಂದರೆ ಕೌಂಟರಿನ ಹುಡುಗಿ ನಕ್ಕಾಳು. ಶಿಲಾಹಾರರ ಕಲ್ಲುಗಳಿಗೆ ಭಾಷೆಯ ಲೆಕ್ಕದಲ್ಲೇ ವಾರಸು ಹೇಳುವುದಾದರೆ ಮರಾಠಿಯವರು ನಮಗಿಂತ ಮುಂದಿದ್ದಾರೆ. ಪರಳ್‌ನಲ್ಲಿ ಸಿಕ್ಕ, ಹನ್ನೆರಡನೆಯ ಶತಮಾನದ ಕೊನೆಯ ಅಪರಾದಿತ್ಯನ ಕಲ್ಲಿನ ಮೇಲೆ ದಾನದ ಒಕ್ಕಣೆ ಸಂಸ್ಕೃತದಲ್ಲಿದೆ, ಕಡೆಯ ಶಾಪ ಮಾತ್ರ ಅಚ್ಚ ಮರಾಠಿಯಲ್ಲಿದೆ. ದಾನ ಕೊಡುವಾಗ ದೇವಭಾಷೆ, ಬೈಯುವಾಗ ಊರಭಾಷೆ! ಇನ್ನು ನಮ್ಮ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಕಾಲ ಬಳಿಯೇ ಮರಾಠಿಯ ಬರಹವಿದೆಯಲ್ಲ, ಚಾವುಂಡರಾಯ ಮಾಡಿಸಿದನೆಂದು ಹೇಳುವ ಸಾಲು. ನಾಳೆ ಯಾರಾದರೂ ಉಳಿ ಸುತ್ತಿಗೆ ಹಿಡಿದು ಬಂದು ‘ಅದು ನಮ್ಮ ಅಕ್ಷರ, ಕಿತ್ತು ಕೊಡಿ’ ಎಂದರೆ ನಮ್ಮ ಮನವಿಯ ಮಹನೀಯರು ಏನೆನ್ನುತ್ತಾರೆ? ಕೊಲ್ಹಾಪುರದಲ್ಲೂ ಖಿದ್ರಾಪುರದಲ್ಲೂ ಕನ್ನಡ ಶಾಸನಗಳು ತಮ್ಮ ಪಾಡಿಗೆ ತಾವಿವೆ. ಗಡಿ ಜಗಳವನ್ನು ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ಇಂಡಿ ತಾಲೂಕಿನವನು ನಾನು. ಅದಕ್ಕೆ ಕಲ್ಲಿನ ಲಾರಿಗಳನ್ನೂ ಸೇರಿಸುವುದು ಬೇಡ.

ಕೊಡಿ ಎಂದು ಕೇಳುವ ಮುಂಚೆ ನಮ್ಮ ಮನೆಯಲ್ಲಿ ಯಾರದೇನಿದೆ ಎಂದು ನೋಡಿಕೊಳ್ಳುವುದೂ ಒಂದು ಲೆಕ್ಕ. 1739ರಲ್ಲಿ ಚಿಮಾಜಿ ಅಪ್ಪ ವಸಯಿ ಕೋಟೆ ಗೆದ್ದ. ಗೆದ್ದ ಮರಾಠರು ಅಲ್ಲಿಯ ಚರ್ಚುಗಳ ಗಂಟೆಗಳನ್ನು ಇಳಿಸಿಕೊಂಡು ಹೋದರು. ಅವು ಈಗ ಎಲ್ಲಿವೆ? ಭೀಮಾಶಂಕರದಲ್ಲಿದೆ, ನಾಸಿಕದ ನಾರೋಶಂಕರ ಗುಡಿಯಲ್ಲಿದೆ. ಜ್ಯೋತಿರ್ಲಿಂಗಕ್ಕೆ ಹೋದ ನಮ್ಮ ಹೆಂಗಸರು ಶಿಲುಬೆಯಿರುವ ಗಂಟೆಯನ್ನು ಕೈಮುಗಿದು ನೋಡಿ ಬಂದಿದ್ದಾರೆ, ಯಾರ ಧರ್ಮವೂ ಕೆಟ್ಟಿಲ್ಲ. ವಸಯಿಯ ಕ್ರಿಶ್ಚಿಯನ್ನರು ಲಾರಿ ತಂದು ‘ನಮ್ಮ ಗಂಟೆ ಇಳಿಸಿ’ ಎಂದದ್ದನ್ನು ನಾನಂತೂ ಕೇಳಿಲ್ಲ. ನಾಸಿಕದ ಆ ಗಂಟೆ ಅಲ್ಲಿಯ ಮಾತಿನೊಳಗೇ ಸೇರಿಹೋಗಿದೆ. ಗಂಟೆಗೊಂದು ನ್ಯಾಯ, ಕಲ್ಲಿಗೊಂದು ನ್ಯಾಯವೇ?

ನಮ್ಮೂರ ಕಡೆಯದೇ ಇನ್ನೊಂದು ಹೇಳುತ್ತೇನೆ. ವಿಜಯಪುರದಲ್ಲಿ ಗೋಳಗುಮ್ಮಟ ನೋಡಿ ವಾಪಸು ಬರುವವರು ಕರೀಮುದ್ದೀನನ ಮಸೀದಿಗೆ ಹೋಗುವುದಿಲ್ಲ. 1320ರ ಕಟ್ಟಡ, ತುಂಬ ಗುಡಿಯ ಕಂಬಗಳು. ಅಲ್ಲಿ ನಾಗರಿ ಲಿಪಿಯ ಬರಹವೊಂದಿದೆ. ಕಟ್ಟಿದ ಸೂತ್ರಧಾರ ಯಾರೆಂದರೆ ನಮ್ಮ ತಾಲೂಕಿನ ಸಾಲೋಟಗಿಯ ರೇವಯ್ಯ. ಸಾಲೋಟಗಿ ಎಂದರೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಪಾಠಶಾಲೆಯ ಶಾಸನವಿರುವ ಊರು. ಆ ಊರಿನವನೇ ಬಂದು ಕಂಬಗಳನ್ನು ಮಸೀದಿಗೆ ಹೊಂದಿಸಿ ನಿಲ್ಲಿಸಿ ಹೆಸರು ಹಾಕಿ ಹೋಗಿದ್ದಾನೆ. ಹೊಟ್ಟೆಪಾಡೋ ಹೆದರಿಕೆಯೋ, ಹೆಮ್ಮೆಯೋ? ಒಂದೊಂದು ಕಂಬವನ್ನೂ ಬಿಚ್ಚಿ ‘ಮೂಲ ಮಾಲೀಕ’ರಿಗೆ ಒಪ್ಪಿಸಿದಿರೋ, ಈ ಪ್ರಶ್ನೆ ಕೇಳಲು ಜಾಗವೇ ಉಳಿಯುವುದಿಲ್ಲ. ಹಳೇ ಗೋವೆಯ ಸಂತ ಕಯೆಟಾನರ ಚರ್ಚಿನ ಬಳಿ ನಿಂತಿರುವ ಕರೀ ಕಲ್ಲಿನ ಬಾಗಿಲವಾಡವೂ ಹೀಗೆಯೇ. ಅದು ಆದಿಲ್ ಶಾಹನ ಅರಮನೆಯ ಬಾಗಿಲು ಎನ್ನುತ್ತಾರೆ, ಕೆತ್ತನೆ ನೋಡಿದರೆ ದೇಗುಲದ್ದು. ಗುಡಿ, ಸುಲ್ತಾನ, ಪಾದ್ರಿ, ಮೂರು ಕಾಲ ಒಂದೇ ಚೌಕಟ್ಟಿನಲ್ಲಿ. ಅದನ್ನು ಯಾರಿಗೆ ಕೊಡುತ್ತೀರಿ?

ಹೊರದೇಶದ ಮಾತು ಹೇಳಿದರೆ ನಮ್ಮವರು ಬೇಗ ಒಪ್ಪುತ್ತಾರೆ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಮಗಳ ಬಾಣಂತನಕ್ಕೆಂದು ಸ್ಟಾಕ್‌ಹೋಮಿಗೆ ಹೋಗಿದ್ದೆವು. ಹೆಂಡತಿಗೆ ಕೈತುಂಬ ಕೆಲಸ, ನನಗೆ ಕೈತುಂಬ ಮ್ಯೂಸಿಯಂ. ಸ್ವೀಡನ್ನಿಗೆ ಸೇರಿದ ಗೋಟ್ಲಾಂಡ್ ಎಂಬ ದ್ವೀಪವಿದೆ. ಅಲ್ಲಿಯವರು ಕ್ರಿಶ್ಚಿಯನ್ನರಾಗುವ ಮುಂಚೆ, ಸುಮಾರು ಐದನೆಯ ಶತಮಾನದಿಂದ ಹನ್ನೊಂದರವರೆಗೆ, ಸತ್ತವರ ನೆನಪಿಗೆ ಚಿತ್ರದ ಕಲ್ಲು ನಿಲ್ಲಿಸುತ್ತಿದ್ದರು. ಮೊದಲು ನೋಡಿದಾಗ ನನಗೆ ನಮ್ಮ ವೀರಗಲ್ಲೇ ಅನ್ನಿಸಿತು. ಪಟ್ಟಿ ಪಟ್ಟಿಯಾಗಿ ಚಿತ್ರಗಳು, ಕೆಳಗೆ ಹಾಯಿ ಬಿಚ್ಚಿದ ಹಡಗು, ಮೇಲೆ ಪರಲೋಕಕ್ಕೆ ಹೋಗುವ ಸವಾರ, ಸ್ವಾಗತಿಸುವ ಹೆಣ್ಣು. ಆಮೇಲೆ ದ್ವೀಪಕ್ಕೆ ಚರ್ಚು ಬಂತು. ಕಟ್ಟಡಕ್ಕೆ ಸಿದ್ಧ ಚಪ್ಪಡಿ ಬೇಕಲ್ಲ, ಈ ಕಲ್ಲುಗಳನ್ನೇ ನೆಲಕ್ಕೆ ಹಾಸಿದರು, ಗೋಡೆಗೆ ಸೇರಿಸಿದರು. ಆರ್ದ್ರೆ ಎಂಬ ಊರಿನ ಚರ್ಚಿನ ನೆಲ ಎಬ್ಬಿಸಿದಾಗ, 1900ರಲ್ಲಿ, ಒಂದು ರಾಶಿ ಕಲ್ಲು ಸಿಕ್ಕಿತು. ಅವುಗಳಲ್ಲೊಂದರ ಮೇಲೆ ಎಂಟು ಕಾಲಿನ ಕುದುರೆ ಇದೆ, ಅವರ ಹಳೇ ದೇವರು ಓದಿನನ ಕುದುರೆ. ಬಯಲಿನಲ್ಲಿ ಗಾಳಿ ಮಳೆಗೆ ನಿಂತ ಎಷ್ಟೋ ಕಲ್ಲುಗಳ ಚಿತ್ರ ಸವೆದು ಹೋಗಿದೆ. ಕಾಲಡಿ ಮಕಾಡೆ ಮಲಗಿದ್ದದ್ದು ಉಳಿಯಿತು. ಪಾದ್ರಿಗಳು ಉಳಿಸಬೇಕೆಂದು ಹಾಗೆ ಮಾಡಲಿಲ್ಲ, ಅದು ಬೇರೆ ಮಾತು.

ಆ ಜನ ಮಾಡಿದ್ದೇನು? ಚರ್ಚು ಕೆಡವಲಿಲ್ಲ. ಕೂತು ಪಟ್ಟಿ ಮಾಡಿದರು. ಸೂನೆ ಲಿಂಡ್‌ಕ್ವಿಸ್ಟ್ ಎಂಬ ವಿದ್ವಾಂಸ 1941-42ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಎಲ್ಲವನ್ನೂ ಅಳೆದು, ಚಿತ್ರ ಬರೆದು ಪ್ರಕಟಿಸಿದ. ದುರಸ್ತಿಗೆ ನೆಲ ಎದ್ದಾಗ ಸಿಕ್ಕವು ಮ್ಯೂಸಿಯಮಿಗೆ ಹೋದವು, ಕೆಲವು ಇಂದಿಗೂ ಚರ್ಚುಗಳಲ್ಲೇ ಇವೆ.

ಕಿತ್ತು ಸಾಗಿಸಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಕಣ್ಣೆದುರೇ ಉದಾಹರಣೆ ಇದೆ. ಘಾರಾಪುರಿ, ಅಂದರೆ ಎಲಿಫೆಂಟಾದ ಗುಹೆಯಲ್ಲಿ ಒಂದು ಶಾಸನದ ಕಲ್ಲಿತ್ತು. ಪೋರ್ಚುಗೀಸರು ಅದನ್ನು ಕಿತ್ತು ತಮ್ಮ ರಾಜನಿಗೆಂದು ಲಿಸ್ಬನ್ನಿಗೆ ಕಳಿಸಿದರು. ಹೋದದ್ದು ಹೋಯಿತು, ಮತ್ತೆ ಕಾಣಲಿಲ್ಲ. ಆ ಮಹಾಗುಹೆಯನ್ನು ಯಾರು ಕೊರೆಸಿದರು ಎಂದು ಪಂಡಿತರು ಇವತ್ತಿಗೂ ಜಗಳಾಡುತ್ತಾರೆ. ಅದೇ ಕಾಲದಲ್ಲಿ ಸೋಮನಾಥದ ಕಡೆಯ ಒಂದು ಕಲ್ಲು ಪೋರ್ಚುಗಲ್ಲಿನ ಸಿಂತ್ರಾಕ್ಕೆ ಹೋಗಿ, ಗೋವೆಯ ವೈಸ್‌ರಾಯ್ ಆಗಿದ್ದ ಜುವಾಂವ್ ದ ಕಾಸ್ತ್ರೋನ ತೋಟದಲ್ಲಿ ನಿಂತಿತು. ಅದು 1287ರ ವಾಘೇಲಾ ಸಾರಂಗದೇವನ ಕಾಲದ ಪ್ರಶಸ್ತಿ. ಅದನ್ನು ಓದಿ ಅಚ್ಚು ಹಾಕಿಸಲು ಆಯಿತು, ಯಾಕೆಂದರೆ ಅದು ಒಂದು ಕಡೆ ನಿಂತಿತ್ತು. ಮೇಲಿನವರಿಗೆ ಅಂತ ಕಳಿಸಿದ ಕಾಗದ ಯಾವ ಗತಿ ಕಾಣುತ್ತದೆ ಎಂದು ಹೆಡ್ಡಾಫೀಸಿನಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳಬೇಕಿಲ್ಲ.

ಮನವಿಯವರಿಗೆ ಇನ್ನೊಂದು ಹೇಳಬೇಕು, ಇದು ಕಾನೂನಿನ ಮಾತು. ಮಂಡಪೇಶ್ವರ, ವಸಯಿ ಕೋಟೆ, ಹಳೇ ಗೋವೆಯ ದೊಡ್ಡ ಚರ್ಚುಗಳು, ಎಲ್ಲ 1958ರ ಕಾಯಿದೆಯಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಗೋವೆಯ ಚರ್ಚುಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇವೆ. ಅಲ್ಲಿಂದ ಒಂದು ಕಲ್ಲು ಅಲ್ಲಾಡಿಸಿದರೂ ಅಪರಾಧ. ಹೀಗಿರುವಾಗ ಈ ಮನವಿಯಿಂದ ಆಗುವುದು ಒಂದೇ: ವಸಯಿಯಲ್ಲಿ, ಬೊರಿವಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬದುಕುತ್ತಿರುವ ಕ್ರಿಶ್ಚಿಯನ್ನರಿಗೆ ನಾಲ್ಕು ನೂರು ವರ್ಷದ ಹಿಂದಿನ ಬಿಲ್ಲು ಕಳಿಸಿದಂತೆ. ಮುಂಬಯಿಗೆ ಬರಿಗೈಲಿ ಬಂದ ನಮಗೆ ಮನೆ ಬಾಡಿಗೆಗೆ ಕೊಟ್ಟವರಲ್ಲಿ ಅವರೂ ಇದ್ದರು. ನನಗೆ ಕೊಟ್ಟವರು ಅವರೇ. 1980ರ ದಶಕದಲ್ಲಿ ಪಗಡಿ ಕೇಳದೆ ಕೋಣೆ ಕೊಟ್ಟ ಆ ವಸಯಿಯ ಮುದುಕಿಗೆ ನಾನು ಯಾವ ಮುಖದಿಂದ ‘ನಿಮ್ಮ ಚರ್ಚಿನ ಗೋಡೆ ಬಿಚ್ಚಿ’ ಎನ್ನಲಿ?

ಈಗ ನಿಜವಾದ ಸಿಟ್ಟಿಗೆ ಬರುತ್ತೇನೆ. ಹಾದ್ರಿಯ ಕಾಲದ ಗೋಡೆಯಲ್ಲಿರುವ ಕಲ್ಲಿಗೆ ಇವತ್ತು ಯಾರಿಂದಲೂ ಅಪಾಯವಿಲ್ಲ. ಅಪಾಯವಿರುವುದು ಬಯಲಿನಲ್ಲಿರುವ ಕಲ್ಲಿಗೆ. ಅಪಾಯ ಮಾಡುತ್ತಿರುವವರು ಪೋರ್ಚುಗೀಸರಲ್ಲ.

ಕೊಂಕಣದ ಈ ಪಟ್ಟಿಯಲ್ಲಿ ‘ಗಧೇಗಾಳ’ ಎಂಬ ಕಲ್ಲುಗಳಿವೆ. ಮೇಲೆ ಸೂರ್ಯ, ಚಂದ್ರ, ನಡುವೆ ಕಳಶ. ಮಧ್ಯದಲ್ಲಿ ದಾನದ ಬರಹ. ಕೆಳಗೆ ಕತ್ತೆಯೊಂದು ಹೆಂಗಸಿನ ಮೇಲೇರಿದ ಚಿತ್ರ. ನೋಡಿದವರು ಮುಖ ಆಚೆ ತಿರುಗಿಸುತ್ತಾರೆ. ನಾನು ತಿರುಗಿಸಲಿಲ್ಲ, ಯಾಕೆಂದರೆ ಇದಕ್ಕಿಂತ ಅಚ್ಚುಕಟ್ಟಾದ ದಸ್ತಾವೇಜು ಬ್ಯಾಂಕಿನಲ್ಲೂ ಕಂಡಿಲ್ಲ. ಕೊಟ್ಟವನು ಯಾರು, ಪಡೆದವನು ಯಾರು, ಜಮೀನು ಯಾವುದು, ತಾರೀಖು ಏನು, ಎಲ್ಲ ಇದೆ. ಸೂರ್ಯ ಚಂದ್ರ ಎಂದರೆ ಅವಧಿ: ಅವರಿರುವ ತನಕ. ಕತ್ತೆ ಎಂದರೆ ದಂಡದ ಕಲಮು: ಕರಾರು ಮುರಿದವನ ತಾಯಿಗೆ ಈ ಗತಿ. ಓದು ಬಾರದ ರೈತನಿಗೂ, ತೆರಿಗೆಯವನಿಗೂ ಅರ್ಥವಾಗಲೆಂದು ಚಿತ್ರ. ಶಿಕ್ಷೆ ಮಾತ್ರ ತಪ್ಪು ಮಾಡಿದವನಿಗಲ್ಲ, ಅವನ ತಾಯಿಗೆ! ಗಂಡಸರು ಬರೆದ ಕರಾರು, ಇನ್ನೇನಾದೀತು.

ಈ ಕಲ್ಲುಗಳ ಜಾಗ ಹೊಲದ ಎಲ್ಲೆ. ನಮ್ಮ ನವಿ ಮುಂಬಯಿಯಲ್ಲಿ ಹೊಲವೇ ಉಳಿದಿಲ್ಲ. ಅರವತ್ತರ ದಶಕದಲ್ಲಿ ಎಂಐಡಿಸಿ ಬಂತು, 1970ರಲ್ಲಿ ಸಿಡ್ಕೋ ಬಂತು. ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನ ಆಗರಗಳು ಪ್ಲಾಟುಗಳಾದವು. ಮಹಾಪೆಯಿಂದ ತುರ್ಭೆಯವರೆಗೆ ಪಾರ್ಸಿಕ್ ಗುಡ್ಡವನ್ನು ಕಲ್ಲುಗಣಿಗಳು ಕಡಿದು ಕಡಿದು ಜಲ್ಲಿ ಮಾಡಿದವು. ನಾವು ಸಾಲ ತೆಗೆದು ಕೊಂಡ ಫ್ಲಾಟಿನ ಕಾಂಕ್ರೀಟಿನಲ್ಲಿ ಯಾವ ಗುಡ್ಡವಿದೆಯೋ, ಆ ಗುಡ್ಡದ ಬುಡದಲ್ಲಿ ಯಾವ ಕಲ್ಲು ನಿಂತಿತ್ತೋ! ಎಲ್ಲೆ ಹೋದ ಮೇಲೆ ಎಲ್ಲೆಯ ಕಲ್ಲು ಯಾರಿಗೆ ಬೇಕು? ಉಳಿದ ಒಂದೆರಡು ಗಾಂವದೇವಿಯ ಗುಡಿಯ ಮಗ್ಗುಲಿಗೆ ಬಂದು ನಿಂತವು. ಠಾಣೆ-ಬೇಲಾಪುರ ರಸ್ತೆಯ ಪಕ್ಕದ ಒಂದು ಹಳ್ಳಿಯಲ್ಲಿ (ಹೆಸರು ಬೇಡ) ವೀರಗಲ್ಲಿಗೆ ಕೇಸರಿ ಆಯಿಲ್ ಪೇಂಟು ಬಳಿದು, ಬೆಳ್ಳಿ ಬಣ್ಣದಲ್ಲಿ ಕಣ್ಣು ಬರೆದು, ಸುತ್ತ ಬಚ್ಚಲುಮನೆಯ ಟೈಲ್ಸ್ ಹಾಕಿದ್ದಾರೆ. ಹೋರಾಡಿ ಸತ್ತ ಯಾರೋ ಮನುಷ್ಯ ಈಗ ದೇವಿ. ಹಳ್ಳಿಯವರ ಭಕ್ತಿಯನ್ನು ನಾನು ಹಳಿಯುವುದಿಲ್ಲ, ಪೂಜೆ ಇರುವುದರಿಂದಲೇ ಅದು ಇನ್ನೂ ನಿಂತಿದೆ. ಆದರೆ ಟೈಲ್ಸಿಗೆ ಚಂದಾ ಕೊಟ್ಟವರ ಹೆಸರಿನ ಹಲಗೆಯಲ್ಲಿ ಮೂರು ಕನ್ನಡದ ಹೆಸರುಗಳಿವೆ. ಮನವಿಯಲ್ಲೂ ಅವುಗಳಲ್ಲೊಂದು ಹೆಸರಿದೆ.

ಎಕ್ಸರ್‌ನ ವೀರಗಲ್ಲುಗಳನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಬೊರಿವಲಿ ಪಶ್ಚಿಮಕ್ಕೆ ರಿಕ್ಷಾದಲ್ಲಿ ಹೋಗಬಹುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಸಾಲಾಗಿ ಹುಟ್ಟು ಹಾಕುವ ಹಡಗುಗಳು, ಕಾದಾಟ, ಮೇಲೆ ಸತ್ತವರ ಸ್ವರ್ಗಯಾತ್ರೆ, ತುದಿಯಲ್ಲಿ ಶಿವಪೂಜೆ. 1265ರ ಸುಮಾರಿಗೆ ಯಾದವ ಮಹಾದೇವನಿಗೂ ಕೊನೆಯ ಶಿಲಾಹಾರ ಸೋಮೇಶ್ವರನಿಗೂ ಕಡಲಲ್ಲಿ ನಡೆದ ಯುದ್ಧ ಅದು ಎಂದು ಹಲವು ವಿದ್ವಾಂಸರ ಮತ. ಸೋಮೇಶ್ವರ ಸಮುದ್ರದಲ್ಲೇ ಮುಳುಗಿದ. ಇದನ್ನು ಬ್ರಿಟಿಷರ ಠಾಣಾ ಗೆಝೆಟಿಯರ್ 1882ರಲ್ಲೇ ಪಟ್ಟಿ ಪಟ್ಟಿಯಾಗಿ ವರ್ಣಿಸಿದೆ. ನಾಡಹಬ್ಬಕ್ಕೆ ಬೆಂಗಳೂರಿನಿಂದ ಕಲಾವಿದರನ್ನು ಕರೆಸುವ ನಮಗೆ ಇಲ್ಲಿಗೆ ಒಂದು ಬಸ್ಸು ಮಾಡುವುದು ಹೊಳೆದಿಲ್ಲ.

ವಲಸೆ ಬಂದವನೂ ಹೀಗೆ ಕಿತ್ತು ತಂದು ಬೇರೆ ಗೋಡೆಗೆ ಸೇರಿಸಿದ ಕಲ್ಲೇ ಎಂದು ಇಷ್ಟೊತ್ತಿಗೆ ಯಾರಾದರೂ ಕವಿತೆ ಶುರು ಮಾಡಿರುತ್ತಾರೆ. ದಯವಿಟ್ಟು ಬೇಡ. ನನ್ನನ್ನು ಯಾರೂ ಕಿತ್ತು ತರಲಿಲ್ಲ. ಟ್ರಾನ್ಸ್‌ಫರ್ ಆರ್ಡರ್ ಬಂತು, ಭತ್ಯೆ ತೆಗೆದುಕೊಂಡು ಬಂದೆ, ಇಲ್ಲೇ ಉಳಿದೆ.

ನನ್ನ ಪ್ರತಿಸೂಚನೆ ಚಿಕ್ಕದು. ಸಾಲ ಕೊಡುವ ಮುಂಚೆ ದಾಸ್ತಾನು ಎಣಿಸುವುದು ನಮ್ಮ ಕಸುಬಿನ ಮೊದಲ ಪಾಠ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು 2021ರಿಂದ ಸುತ್ತಲಿನ ಶಾಸನದ ಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ, ಚರಂಡಿಯ ಚಪ್ಪಡಿಯಾಗಿದ್ದರೂ ಸರಿಯೇ. ನಮಗೆ ಅಷ್ಟು ದೊಡ್ಡ ಯಂತ್ರ ಬೇಡ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿ ನಿವೃತ್ತರಾಗಿ ಕೂತ ಕನ್ನಡಿಗರು ನೂರಾರು ಜನ ಇದ್ದೇವೆ. ಬೆಳಗಿನ ವಾಕಿಂಗನ್ನು ತೋಟದ ಸುತ್ತ ಮಾಡುವ ಬದಲು ಒಂದೊಂದು ಹಳ್ಳಿಯ ಸುತ್ತ ಮಾಡಿದರಾಯಿತು. ನಾನೊಂದು ಉದ್ದನೆಯ ರಿಜಿಸ್ಟರಿಗೆ ಗೆರೆ ಎಳೆದಿಟ್ಟಿದ್ದೇನೆ: ಊರು, ನಿಂತ ಜಾಗ, ಎತ್ತರ, ಅಗಲ, ಎಷ್ಟು ಪಟ್ಟಿ ಚಿತ್ರ, ಬರಹ ಇದೆಯೋ ಇಲ್ಲವೋ, ಬಣ್ಣ ಬಳಿದಿದ್ದಾರೋ, ಯಾರು ಪೂಜಿಸುತ್ತಾರೆ, ಫೋಟೋ ನಂಬರು. ‘ಯಾರದು’ ಎಂಬ ಕಲಮು ಇಟ್ಟಿಲ್ಲ. ಕಲ್ಲು ಮುಟ್ಟುವ ಹಾಗಿಲ್ಲ, ತೊಳೆಯುವ ಹಾಗಿಲ್ಲ, ಸೀಮೆಸುಣ್ಣ ತಿಕ್ಕುವ ಹಾಗಿಲ್ಲ. ಪ್ರತಿ ಒಂದು ಪುರಾತತ್ವ ಇಲಾಖೆಗೆ, ಒಂದು ಆ ಊರಿನ ಗುಡಿಯವರಿಗೆ.

ಇಲ್ಲಿಯವರೆಗೆ ಐದು ಜನ ಹೆಸರು ಕೊಟ್ಟಿದ್ದಾರೆ. ಇಬ್ಬರು ನಮ್ಮವರು, ಇಬ್ಬರು ಮರಾಠಿಯವರು, ಒಬ್ಬರು ವಸಯಿಯ ನಿವೃತ್ತ ಕ್ರಿಶ್ಚಿಯನ್ ಮೇಷ್ಟ್ರು. ಅವರಿಗೆ ಅಲ್ಲಿಯ ಗಲ್ಲಿಗಲ್ಲಿ ಗೊತ್ತು. ಮನವಿಗೆ ಸಹಿ ಹಾಕಿದವರೂ ಬರಬಹುದು, ಬೇಡವೆನ್ನುವುದಿಲ್ಲ. ದೀಪಾವಳಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಏಳಕ್ಕೆ, ಘನಸೋಲಿ ಸ್ಟೇಷನ್ನಿನ ಹೊರಗೆ. ಟೇಪು ನನ್ನ ಹತ್ತಿರ ಇದೆ, ನೀರು ನೀವು ತನ್ನಿ.